ಕೂಸಿನ ಕೆಮ್ಮಿಗೆ ಜೇನು: ಎರಡು ನಿಷೇಧ, ಎರಡು ಕಾರಣ

ಎಳೆಗೂಸಿಗೆ ಕೆಮ್ಮು ಬಂದಾಗ ಅದರ ನಾಲಿಗೆಗೆ ತುಸು ಜೇನು ಸವರಬಹುದೆ? ಮೇಲುನೋಟಕ್ಕೆ ಇದು ಬಾಣಂತಿಯ ಕೋಣೆಯ ಪ್ರಶ್ನೆ. ಧರ್ಮಚಿಂತನೆಯ ಪುಟಗಳಲ್ಲಿ ಚರ್ಚಿಸುವಷ್ಟು ಘನವಾದುದಲ್ಲವೆಂದು ಕೆಲವು ವಾಚಕರಿಗೆ ಅನಿಸೀತು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಶ್ರಾವಕರ ಮನೆಗಳಲ್ಲಿ ಸೊಸೆ ಅತ್ತೆಯನ್ನು, ಮಗ ತಂದೆಯನ್ನು ಕೇಳುವ ಈ ಸಣ್ಣ ಪ್ರಶ್ನೆಯ ಹೊಟ್ಟೆಯಲ್ಲಿ ದೊಡ್ಡದೊಂದು ಪ್ರಶ್ನೆ ಅಡಗಿದೆ. ಆಚಾರ್ಯರು ಒಂದು ಕಾರಣಕ್ಕಾಗಿ ಬೇಡವೆಂದದ್ದನ್ನು ವೈದ್ಯರು ಇನ್ನೊಂದು ಕಾರಣಕ್ಕಾಗಿ ಬೇಡವೆಂದರೆ, ಆಚಾರ್ಯರ ಮಾತು ಸಿದ್ಧವಾದಂತಾಯಿತೆ?

ಮೊದಲು ನಮ್ಮ ಸೀಮೆಯ ರೂಢಿಯನ್ನು ನೋಡೋಣ. ಮರಾಠಿ ಮತ್ತು ಕನ್ನಡಗಳು ಒಂದೇ ಅಂಗಳದಲ್ಲಿ ಆಡುವ ಈ ಗಡಿನಾಡಿನಲ್ಲಿ ಹಸುಗೂಸಿಗೆ ಬಾಳಗುಟಿ ಹಾಕುವ ಪದ್ಧತಿ ಹಳೆಯದು. ಸಾಣೆಕಲ್ಲಿನ ಮೇಲೆ ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ಒಂದೊಂದು ಸುತ್ತು ತೇಯ್ದು ಕೂಸಿನ ಬಾಯಿಗೆ ಸವರುತ್ತಾರೆ. ನೆರೆಮನೆಗಳಲ್ಲಿ ಇದನ್ನು ಜೇನಿನಲ್ಲಿ ಕಲಸುವುದುಂಟು. ಹುಟ್ಟಿದ ಕೂಸಿಗೆ ಜೇನು-ತುಪ್ಪ ನೆಕ್ಕಿಸುವುದು ಜಾತಕರ್ಮದ ಅಂಗವಾಗಿಯೇ ಬಂದಿದೆ. ಕೂಸನ್ನು ನೋಡಲು ಬಂದ ನೆರೆಯ ಅಜ್ಜಿ “ಒಂದು ಬೆರಳ ತುದಿ ಹಚ್ಚಿದ್ರ ಏನಾಗ್ತದವ್ವ?” ಎಂದು ಕೇಳುವುದು ಪ್ರೀತಿಯಿಂದಲೇ. ಆ ಪ್ರೀತಿಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ವೈದ್ಯಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. 12 ತಿಂಗಳು ತುಂಬದ ಕೂಸಿಗೆ ಜೇನು ಸಲ್ಲದು. ಬೆರಳ ತುದಿಯಷ್ಟೂ ಸಲ್ಲದು. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಾಣು ಮಣ್ಣಿನಲ್ಲಿ, ಧೂಳಿನಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಇರುತ್ತದೆ. ಕೆಲವೊಮ್ಮೆ ಜೇನಿನಲ್ಲಿಯೂ ಸೇರಿರುತ್ತದೆ. ನೀರಿನ ಅಂಶ ಕಡಿಮೆಯಾದ್ದರಿಂದ ಜೇನಿನಲ್ಲಿ ಅದು ಬೆಳೆಯಲಾರದು, ಆದರೆ ಸಾಯುವುದೂ ಇಲ್ಲ. ದೊಡ್ಡವರು ತಿಂದರೆ ಹೊಟ್ಟೆಯ ಪಳಗಿದ ಸೂಕ್ಷ್ಮಜೀವಿಗಳ ನಡುವೆ ಅದಕ್ಕೆ ನೆಲೆ ಸಿಗದು. ಎಳೆಗೂಸಿನ ಕರುಳು ಇನ್ನೂ ಖಾಲಿ ಹೊಲ. ಅಲ್ಲಿ ಬೀಜಾಣು ಮೊಳೆತು ವಿಷವನ್ನು ಕಾರುತ್ತದೆ. ಮೊದಲು ಮಲಬದ್ಧತೆ, ಬಳಿಕ ಮೊಲೆ ಚೀಪುವ ಶಕ್ತಿ ಕುಗ್ಗುವುದು, ಅಳುವಿನ ದನಿ ಕ್ಷೀಣಿಸುವುದು, ರೆಪ್ಪೆ ಜೋತುಬೀಳುವುದು, ಕತ್ತು ನಿಲ್ಲದಿರುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು. ಜೇನನ್ನು ಮನೆಯಲ್ಲಿ ಕುದಿಸಿದರೂ ಬೀಜಾಣು ನಾಶವಾಗದು. ಅದಕ್ಕೆ ಒತ್ತಡದ ಉಗಿಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು.

“ನಾವೆಲ್ಲ ಜೇನು ನೆಕ್ಕಿಯೇ ಬೆಳೆದೆವು” ಎಂಬ ಮಾತಿಗೆ ಏನು ಹೇಳಬೇಕು? ಈ ರೋಗ ವಿರಳವೆಂಬುದು ನಿಜ, ಆಸ್ಪತ್ರೆಯ ಆರೈಕೆ ಸಿಕ್ಕ ಕೂಸುಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ ಎಂಬುದೂ ನಿಜ. ಆದರೆ ಇದೊಂದು ಪ್ರತ್ಯೇಕ ಶಿಶುರೋಗವೆಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗುರುತಿಸಿದ್ದೇ 1976ರಲ್ಲಿ. ಅದಕ್ಕೂ ಮೊದಲು ಯಾವ ಊರಿನ ಯಾವ ಕೂಸು ಜೇನಿನ ಕಾರಣದಿಂದ ತೀರಿಕೊಂಡಿತೆಂದು ಹೇಳಬಲ್ಲವರು ಯಾರು? ಬದುಕಿದವರು ಸಾಕ್ಷಿ ಹೇಳುತ್ತಾರೆ, ಉಳಿಯದವರ ಸಾಕ್ಷಿ ಇಲ್ಲ. ನೂರು ಸಲ ಸರಕು ಸುರಕ್ಷಿತವಾಗಿ ಮುಟ್ಟಿತೆಂದು ನೂರೊಂದನೆಯ ಲಾರಿಗೆ ವಿಮೆ ಬೇಡವೆನ್ನುವ ವ್ಯಾಪಾರಿಯನ್ನು ನಾನು ಕಂಡಿಲ್ಲ. 2018ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನಾಲ್ಕು ಕೂಸುಗಳು ಇದೇ ರೋಗದಿಂದ ಆಸ್ಪತ್ರೆ ಸೇರಿದವು. ನಾಲ್ಕಕ್ಕೂ ಜೇನು ತುಂಬಿದ ಚೀಪುಬೊಂಬೆಗಳನ್ನು ಕೊಡಲಾಗಿತ್ತು.

ಇಷ್ಟು ತಿಳಿದ ಕೂಡಲೇ ನಮ್ಮಲ್ಲಿ ಕೆಲವರು ಹಿಗ್ಗುತ್ತಾರೆ. ನೋಡಿರಿ, ಮದ್ಯ-ಮಾಂಸ-ಮಧುಗಳನ್ನು ಬಿಡಿರೆಂದು ನಮ್ಮ ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರು, ವಿಜ್ಞಾನ ಇಂದು ಒಪ್ಪಿತು ಎನ್ನುತ್ತಾರೆ. ಜೇನಿನಲ್ಲಿ ಜೀವರಾಶಿ ಇದೆಯೆಂದು ಅಮೃತಚಂದ್ರಾಚಾರ್ಯರು ಹೇಳಿದ್ದು ಈ ಬೀಜಾಣುವನ್ನೇ ಎನ್ನುವ ಉತ್ಸಾಹಿಗಳೂ ಇದ್ದಾರೆ. ಈ ಹಿಗ್ಗನ್ನು ನಾನು ಒಪ್ಪಲಾರೆ. ಇದು ಒಂದು ಖಾತೆಯ ಜಮೆಯನ್ನು ಇನ್ನೊಂದು ಖಾತೆಗೆ ಬರೆದಂತೆ. ಮೊತ್ತ ಕೂಡೀತು, ಲೆಕ್ಕ ಸುಳ್ಳಾದೀತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಂಚಾಣುವ್ರತಗಳೊಡನೆ ಈ ಮೂರರ ತ್ಯಾಗವನ್ನು ಅಷ್ಟಮೂಲಗುಣವೆಂದು ಎಣಿಸಿದರು. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಆಳಕ್ಕೆ ಹೋಗಿ, ತಾನಾಗಿಯೇ ತೊಟ್ಟಿಕ್ಕಿದ ಜೇನನ್ನು ಸ್ವೀಕರಿಸಿದರೂ ಅದನ್ನು ಆಶ್ರಯಿಸಿದ ಜೀವಿಗಳ ಘಾತವಾಗುವುದರಿಂದ ಹಿಂಸೆಯೇ ಆಗುತ್ತದೆಂದರು. ಒಂದು ಹನಿ ಜೇನಿನ ಪಾಪ ಏಳು ಗ್ರಾಮಗಳನ್ನು ಸುಟ್ಟ ಪಾಪಕ್ಕಿಂತ ಹೆಚ್ಚೆಂಬುದು ಸಾಗಾರಧರ್ಮಾಮೃತದಲ್ಲಿ ಆಶಾಧರ ಪಂಡಿತರ ಕಟುಮಾತು. ಇವರಲ್ಲಿ ಯಾರೂ ತಿನ್ನುವವನ ಹೊಟ್ಟೆನೋವಿನ ಮಾತೆತ್ತಲಿಲ್ಲ. ಅವರ ದೃಷ್ಟಿಯಿದ್ದದ್ದು ಹೊಗೆಯಿಟ್ಟು ಓಡಿಸಿದ ನೊಣಗಳ ಕಡೆಗೆ, ಹುಟ್ಟಿನೊಡನೆ ಹಿಂಡಿ ತೆಗೆದ ಮರಿಗಳ ಕಡೆಗೆ. ಕೆಲಸಗಾರ ಜೇನ್ನೊಣವೊಂದು ತನ್ನ ಇಡೀ ಜೀವಮಾನದಲ್ಲಿ ಕೂಡಿಸುವ ಜೇನು ಚಹದ ಚಮಚದ ಹನ್ನೆರಡನೆಯ ಒಂದು ಪಾಲು ಎಂದು ಲೆಕ್ಕ ಹಾಕಿದ್ದಾರೆ. ಕೂಸಿನ ನಾಲಿಗೆಗೆ ಸವರುವ ಆ ಬೆರಳ ತುದಿಯ ಜೇನು ಹೆಚ್ಚುಕಡಿಮೆ ಒಂದು ಜೀವದ ದುಡಿಮೆ. ಪೆಟ್ಟಿಗೆಯಲ್ಲಿ ಸಾಕಿ ಯಂತ್ರದಿಂದ ತೆಗೆದ ಜೇನಿನಲ್ಲಿ ಕೊಲೆ ಕಡಿಮೆಯೆಂಬುದನ್ನು ಒಪ್ಪೋಣ. ಆದರೆ ತನ್ನ ಸಂತತಿಗೆಂದು ಕೂಡಿಟ್ಟುದನ್ನು ಕೊಡದೆಯೇ ಕೊಂಡೊಯ್ದರೆ ಅದು ಅಚೌರ್ಯವೆ?

ವಿಜ್ಞಾನದ ಊರುಗೋಲನ್ನು ಹಿಡಿದವರಿಗೆ ಮುಂದಿನ ಹೆಜ್ಜೆಯೇ ಕಷ್ಟ. ಏಕೆಂದರೆ ಕೂಸಿಗೆ ವರ್ಷ ತುಂಬಿದ ಮರುದಿನವೇ ವೈದ್ಯಶಾಸ್ತ್ರ ತನ್ನ ನಿಷೇಧವನ್ನು ಹಿಂದಕ್ಕೆ ಪಡೆಯುತ್ತದೆ. ಅಷ್ಟೇ ಅಲ್ಲ, ಜೇನು ಕೆಮ್ಮಿಗೆ ಒಳ್ಳೆಯದೆಂದೂ ಹೇಳುತ್ತದೆ. 2007ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎರಡು ವರ್ಷ ಮೀರಿದ 105 ಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ರಾತ್ರಿಯ ಕೆಮ್ಮು ಏನೂ ಕೊಡದವರಿಗಿಂತ ಜೇನು ಕೊಟ್ಟವರಲ್ಲಿ ಹೆಚ್ಚು ಶಮನವಾಯಿತು. 2012ರಲ್ಲಿ ಇಸ್ರೇಲಿನಿಂದ ಪ್ರಕಟವಾದ ಇನ್ನೊಂದರಲ್ಲಿ ಒಂದರಿಂದ ಐದು ವರ್ಷದ 300 ಮಕ್ಕಳಿದ್ದರು. ಕೆಲವರಿಗೆ ಜೇನು, ಕೆಲವರಿಗೆ ಖರ್ಜೂರದ ಪಾಕ. ಎರಡೂ ಗುಂಪುಗಳಲ್ಲಿ ಕೆಮ್ಮು ಇಳಿಯಿತು; ಜೇನಿನವರಲ್ಲಿ ಇನ್ನಷ್ಟು ಇಳಿಯಿತು. ಬಾಟುಲಿಸಂ ಎಂದು ಜೇನನ್ನು ಬಿಟ್ಟವನು ಈಗ ಅದೇ ನ್ಯಾಯದಿಂದ ಜೇನಿನ ಸೀಸೆಯನ್ನು ಮನೆಗೆ ತರಬೇಕಾಗುತ್ತದೆ.

ಆದ್ದರಿಂದ ಪ್ರಾಮಾಣಿಕವಾದ ಮಾತು ಹೀಗಿರಬೇಕು: ವರ್ಷದೊಳಗಿನ ಕೂಸಿಗೆ ಜೇನನ್ನು ಯಾರೂ ಕೊಡಬಾರದು, ಜೈನರೂ ಕೊಡಬಾರದು, ಜೈನರಲ್ಲದವರೂ ಕೊಡಬಾರದು. ವರ್ಷ ದಾಟಿದ ಮಗುವಿಗೆ ನಾವು ಕೊಡುವುದಿಲ್ಲ, ಏಕೆಂದರೆ ನಾವು ವ್ರತವನ್ನು ಹಿಡಿದಿದ್ದೇವೆ; ಇದರಿಂದ ನಮಗೆ ತುಸು ನಷ್ಟವುಂಟು. ನಷ್ಟವಿಲ್ಲವೆಂದು ಹೇಳಿ ವ್ರತವನ್ನು ಅಗ್ಗ ಮಾಡಬಾರದು.

ಇಲ್ಲಿ ತರುಣ ತಂದೆಯೊಬ್ಬನು ನ್ಯಾಯವಾಗಿಯೇ ಕೇಳಬಹುದು: ವ್ರತ ನಮ್ಮದು, ಕೆಮ್ಮು ಮಗುವಿನದು, ನಮ್ಮ ಪುಣ್ಯದ ಖರ್ಚನ್ನು ಅದು ಏಕೆ ತೆರಬೇಕು? ನಮ್ಮ ಅನೇಕ ಕುಟುಂಬಗಳಲ್ಲಿ ನಲವತ್ತು-ನಲವತ್ತೈದು ದಿನಗಳ ಕೂಸನ್ನು ಬಸದಿಗೆ ಕರೆದೊಯ್ದು, ಕಿವಿಯಲ್ಲಿ ಣಮೋಕಾರವನ್ನು ಹೇಳಿ, ಎಂಟು ವರ್ಷಗಳವರೆಗೆ ಅದರ ಮೂಲಗುಣಗಳನ್ನು ತಾಯ್ತಂದೆಯರೇ ಕಾಯಬೇಕೆಂದು ಒಪ್ಪಿಸುತ್ತಾರೆ. ಅಂದರೆ ನಾವು ಕಾವಲುಗಾರರು. ಕಾವಲುಗಾರನು ಒಡವೆಯನ್ನೂ ಕಾಯಬೇಕು, ಒಡೆಯನನ್ನೂ ಕಾಯಬೇಕು. ಪ್ರಾಣ ಮತ್ತು ವ್ರತಗಳ ನಡುವೆ ಒಂದನ್ನು ಆರಿಸಬೇಕಾದ ಗಳಿಗೆ ಬಂದರೆ ಈ ಪ್ರಶ್ನೆಯ ಭಾರವೇ ಬೇರೆಯಾಗುತ್ತಿತ್ತು. ಆದರೆ ಜೇನಿನ ವಿಷಯದಲ್ಲಿ ಆ ಗಳಿಗೆ ಬರುವುದಿಲ್ಲ. ಪ್ರಾಣಕ್ಕೆ ಸಂಚಕಾರ ತರುವ ಕೆಮ್ಮು ಜೇನಿನಿಂದ ವಾಸಿಯಾಗುವುದಿಲ್ಲ. ಜೇನಿನಿಂದ ತಗ್ಗುವ ಕೆಮ್ಮು ಪ್ರಾಣವನ್ನು ಒಯ್ಯುವುದಿಲ್ಲ. ಔಷಧಕ್ಕೆಂದು ತಿಂದರೂ ಜೇನು ಅಧೋಗತಿಗೆ ಕಾರಣವೆಂದು ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಹೇಳಿದ್ದನ್ನು ಕಠೋರವೆನ್ನುವವರು ಇದನ್ನು ಗಮನಿಸಬೇಕು. ಆ ನಿಷೇಧದಿಂದ ಮಗು ಕಳೆದುಕೊಳ್ಳುವುದು ಒಂದೆರಡು ರಾತ್ರಿಯ ಕೊಂಚ ನಿದ್ದೆ ಮಾತ್ರ. ಅದರಲ್ಲಿ ಬಹುಪಾಲನ್ನು ಬೆಚ್ಚನೆಯ ನೀರು, ಖರ್ಜೂರದ ಪಾಕ ತುಂಬಿಕೊಡುತ್ತವೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಉಗ್ರಾದಿತ್ಯಾಚಾರ್ಯರು ಮಾಂಸವಿಲ್ಲದೆಯೂ ಚಿಕಿತ್ಸೆ ಸಾಧ್ಯವೆಂದು ವಾದಿಸಿದ ಪರಂಪರೆ ನಮ್ಮದು: ಬೇಡವೆಂದು ಹೇಳಿ ಕೈಕಟ್ಟಿ ಕೂಡುವುದಲ್ಲ, ಬೇರೆಯದನ್ನು ಹುಡುಕಿ ಕೊಡುವುದು.

ಕೈಕಟ್ಟಿ ಕೂಡುವವರೇ ನನಗೆ ಹೆಚ್ಚಿನ ಚಿಂತೆ. ಜೇನು ಕೊಡಲಿಲ್ಲವೆಂಬ ಸಮಾಧಾನದಲ್ಲಿ ಬೆಲ್ಲದ ನೀರು, ಬಾಳಗುಟಿ, ಅಂಗಡಿಯ ಸಿರಪ್ಪು ಯಾವುದನ್ನಾದರೂ ಹಾಕುವವರಿದ್ದಾರೆ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ; ಕೆಮ್ಮಿದಾಗ ಇನ್ನಷ್ಟು ಸಲ ಹಾಲೂಡಿಸುವುದೇ ಮದ್ದು. ಸಿರಪ್ಪಿನ ಮಾತಂತೂ ಭಯಂಕರ. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ, 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷಬೆರಕೆಯ ಕೆಮ್ಮಿನ ಸಿರಪ್ಪುಗಳು ಎಳೆಯ ಮಕ್ಕಳನ್ನು ಬಲಿ ತೆಗೆದುಕೊಂಡವು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಬರೆಯಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ 2025ರ ಅಕ್ಟೋಬರದಲ್ಲಿ ಸೂಚನೆ ಹೊರಡಿಸಿತು. ಕೆಮ್ಮಿನ ಕೂಸಿನ ಎದೆಯನ್ನು ಬರಿದು ಮಾಡಿ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನದಕ್ಕೆ ನಿಮಿಷಕ್ಕೆ 60, ಅಲ್ಲಿಂದ ವರ್ಷದವರೆಗೆ 50 ಅಥವಾ ಮೀರಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ಮುಹೂರ್ತ ನೋಡದೆ ಆಸ್ಪತ್ರೆಗೆ ಒಯ್ಯಬೇಕು. ನಾಯಿಕೆಮ್ಮಿನ ಲಸಿಕೆಯನ್ನು 6, 10 ಮತ್ತು 14ನೆಯ ವಾರಗಳಲ್ಲಿ ತಪ್ಪದೆ ಹಾಕಿಸಬೇಕು. ಜೇನಿನ ನಿಷೇಧವನ್ನು ಲಸಿಕೆಯವರೆಗೆ ಎಳೆಯುವುದು ಧರ್ಮವಲ್ಲ, ಅದು ಕೂಸಿನ ಹಿಂಸೆ.

ಇನ್ನೊಂದು ಮಾತನ್ನು ಹೇಳದೆ ಬಿಡುವುದು ಸರಿಯಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರದಿಂದ ನಮ್ಮ ಸಮಾಜದ ಎಷ್ಟೋ ಮನೆಗಳು ಎದ್ದಿವೆ. ಒಂದು ಹನಿ ಜೇನಿಗೆ ಹೌಹಾರುವ ಅಜ್ಜ ತೊಟ್ಟಿಲ ಪಕ್ಕದಲ್ಲಿಯೇ ಬೀಡಿ ಹೊತ್ತಿಸುತ್ತಾನೆ. ಕೂಸಿನ ಕೆಮ್ಮಿನ ಮೂಲ ಹಲವು ಸಲ ಅಲ್ಲಿಯೇ ಇರುತ್ತದೆ. ಅಷ್ಟಮೂಲಗುಣಗಳಲ್ಲಿ ತಂಬಾಕಿನ ಹೆಸರಿಲ್ಲವೆಂಬ ಉತ್ತರವನ್ನು ಕೇಳಿದ್ದೇನೆ. ಹೆಸರು ಇರುವುದು ಹೇಗೆ? ಆಚಾರ್ಯರು ಆ ಗ್ರಂಥಗಳನ್ನು ಬರೆದಾಗ ತಂಬಾಕು ಇನ್ನೂ ಭಾರತವನ್ನೇ ಕಂಡಿರಲಿಲ್ಲ.

ಕೊನೆಯದಾಗಿ ಬಸದಿಯ ವಿಶ್ವಸ್ತರಲ್ಲಿ ಒಂದು ವಿನಂತಿ. ನಮ್ಮ ಪಂಚಾಮೃತಾಭಿಷೇಕದಲ್ಲಿ ಹಾಲು, ಮೊಸರು, ತುಪ್ಪ, ಕಬ್ಬಿನ ಹಾಲು, ಎಳನೀರುಗಳಿವೆ, ಜೇನಿಲ್ಲ. ಇದನ್ನು ಅರಿಯದ ಸೊಸೆಯಂದಿರು ಹೊರಗಿನ ಪಂಚಾಮೃತವನ್ನೂ ಕೂಸಿನ ಬಾಯಿಗೆ ಬಿಡುತ್ತಾರೆ. ಕೂಸನ್ನು ಬಸದಿಗೆ ತಂದ ದಿನವೇ ತಾಯಿಗೆ ಎರಡೂ ಕಾರಣಗಳನ್ನು ಬೇರೆಬೇರೆಯಾಗಿ ತಿಳಿಸಿಹೇಳುವ ಏರ್ಪಾಡು ಮಾಡಬೇಕು. ಲೇಹ್ಯ, ಸಿರಪ್ಪುಗಳ ಚೀಟಿಯಲ್ಲಿ ‘ಮಧು’ ಎಂದಿದ್ದರೆ ಅದು ಜೇನು; ‘ಜೇಷ್ಠಮಧು’ ಎಂದಿದ್ದರೆ ಅದು ಒಣಗಿಸಿದ ಬೇರು, ಅದರಲ್ಲಿ ನೊಣದ ಸಂಬಂಧವಿಲ್ಲ. ಇಷ್ಟನ್ನು ಔಷಧದ ಅಂಗಡಿಯವರು ಬಿಡಿಸಿ ಹೇಳುವುದಿಲ್ಲ. ನಾವೇ ಓದಿ ತಿಳಿಯಬೇಕು. ನೆರೆಯ ಅಜ್ಜಿಗೆ ಮಾತ್ರ ಶಾಸ್ತ್ರವನ್ನು ಹೇಳುವ ಅಗತ್ಯವಿಲ್ಲ. “ವರ್ಷ ತುಂಬೂತನಕ ಜೇನು ಬ್ಯಾಡ ಅಂತ ಡಾಕ್ಟರ್ ಹೇಳ್ಯಾರ್ರೀ ಆಯಿ” ಎಂದರೆ ಸಾಕು. ಆ ಮಾತು ಅವರ ಮನೆಯ ಮೊಮ್ಮಗನಿಗೂ ಉಪಯೋಗಕ್ಕೆ ಬರುತ್ತದೆ.