ರಾಜಿಯಲ್ಲಿ ಒಪ್ಪಿದವರು ಯಾರು?

'ಎಷ್ಟು ವರ್ಷ ಅಂತ ಕೋರ್ಟಿಗೆ ಅಲೀತೀಯ, ರಾಜಿ ಮಾಡ್ಕೊಳಯ್ಯ.' ಈ ಮಾತು ನಮ್ಮ ಕೇರಿಗಳಿಗೆ ಹೊಸದಲ್ಲ. ಮಾತು ತಪ್ಪೂ ಅಲ್ಲ. ಅಣ್ಣತಮ್ಮಂದಿರು ಬದುವಿನ ಮೇಲೆ ದಾವೆ ಹೂಡಿ, ವಾಯ್ದೆ ಮೇಲೆ ವಾಯ್ದೆ ಬಿದ್ದು ಸುಸ್ತಾದಾಗ ಕೂತು ಮಾತಾಡಿ ಮುಗಿಸೋದೇ ವಿವೇಕ. ಆದರೆ ಅಣ್ಣತಮ್ಮಂದಿರ ರಾಜಿಯೂ ಒಡೆಯ-ಆಳಿನ ರಾಜಿಯೂ ಒಂದೇ ಹೆಸರಲ್ಲಿ ಓಡಾಡ್ತವಲ್ಲ, ನನ್ನ ತಕರಾರು ಅಲ್ಲಿದೆ.

ಬೆಂಗಳೂರಿನ ಲಗ್ಗೆರೆಯನ್ನೇ ತಗೊಳ್ಳಿ. ಒಂದು ಕಾಲಕ್ಕೆ ಹಳ್ಳಿ. ಪಕ್ಕದ ಪೀಣ್ಯಕ್ಕೆ ಕಾರ್ಖಾನೆಗಳು ಬಂದವು, ವರ್ತುಲ ರಸ್ತೆ ಬಂತು, ನೆಲಕ್ಕೆ ಅಡಿ ಲೆಕ್ಕದಲ್ಲಿ ಬೆಲೆ ಕಟ್ಟೋ ಕಾಲ ಬಂತು. ಇಂಥ ಊರಲ್ಲಿ ಸರ್ಕಾರ ಕೊಟ್ಟ ದರಖಾಸ್ತು ಜಮೀನನ್ನು ಮಗಳ ಮದುವೆಗೆ ಅಂತ ಚಿಲ್ಲರೆ ಕಾಸಿಗೆ ಮಾರಿದ ಒಬ್ಬ ಮುದುಕನನ್ನು ಊಹಿಸಿಕೊಳ್ಳಿ. ಓದಿದ ಮೊಮ್ಮಗ ಕಾಗದ ಹುಡುಕಿ ಅರ್ಜಿ ಹಾಕ್ತಾನೆ. ಕೊಂಡವನು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡ್ತಾನೆ. ಒಂದು ದಿನ ದೊಡ್ಡವರ ಮನೆ ಜಗಲಿಯಲ್ಲಿ ರಾಜಿಪತ್ರ ಓದುತ್ತಾರೆ. ಕೊಂಡವನು ಕುರ್ಚಿ ಮೇಲೆ, ಮುದುಕ ನಿಂತುಕೊಂಡು. ಹೆಬ್ಬೆಟ್ಟು ಬಿತ್ತು. ಅವನು ಒಪ್ಪಿದನೇ?

1978ರ ಪರಿಶಿಷ್ಟ ಜಾತಿ, ಪಂಗಡಗಳ ಭೂಮಿ ಪರಭಾರೆ ನಿಷೇಧ ಕಾಯ್ದೆ ಇಂಥ ಒಪ್ಪಿಗೆಯನ್ನು ನಂಬೋದಿಲ್ಲ. ಮಂಜೂರಾತಿಯ ಷರತ್ತು ಮುರಿದ ಮಾರಾಟ ಅದರ ಕಣ್ಣಲ್ಲಿ ಮಾರಾಟವೇ ಅಲ್ಲ. ಈಗ ಮಾರಬೇಕಾದರೂ ಸರ್ಕಾರದ ಅನುಮತಿ ಬೇಕು. (ಆ ಬಾಗಿಲಲ್ಲೂ ದಲ್ಲಾಳಿಗಳು ನಿಂತಿರ್ತಾರೆ, ಅದು ಬೇರೆ ಮಾತು.) ಸುಪ್ರೀಂ ಕೋರ್ಟು 1984ರಲ್ಲಿ ಮಂಚೇಗೌಡರ ಕೇಸಿನಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮವೂ ರಾಜಿ ಕಾನೂನುಬದ್ಧವಾಗಿರಬೇಕು ಅನ್ನುತ್ತದೆ.

ಇಲ್ಲಿ ನಮ್ಮ ಹುಡುಗರೇ ಒಂದು ಪ್ರಶ್ನೆ ಎತ್ತುತ್ತಾರೆ: 'ಗೌಡರ ಸಹಿ ನಡೆಯುತ್ತೆ, ನಮ್ಮಪ್ಪನ ಸಹಿ ನಡೆಯಲ್ಲ ಅಂದ್ರೆ ಏನರ್ಥ? ನಾವೇನು ಎಳೇ ಮಕ್ಕಳಾ?' ಪ್ರಶ್ನೆಯಲ್ಲಿ ಸ್ವಾಭಿಮಾನ ಇದೆ, ತಳ್ಳಿಹಾಕೋ ಹಾಗಿಲ್ಲ. ಆದರೆ ಕಾನೂನು ಅನುಮಾನಿಸಿದ್ದು ಅಪ್ಪನ ಬುದ್ಧಿಯನ್ನಲ್ಲ, ಎದುರಿಗೆ ಕೂತವನ ಬಲವನ್ನು. 'ಆಗಲ್ಲ' ಅಂದು ನಾಳೆ ಅದೇ ಊರಲ್ಲಿ ಕೂಲಿ ಕೇಳೋಕೆ ಆಗುತ್ತಾ? ಆಗೋದಿಲ್ಲ ಅಂದರೆ, ಅವನ 'ಆಗಲಿ'ಗೆ ಏನು ಬೆಲೆ? ಇನ್ನೊಂದು ಮಾತು: ಆ ನೆಲ ಮುದುಕನೊಬ್ಬನದಲ್ಲ, ಮೊಮ್ಮಗನ ಅನ್ನವೂ ಹೌದು.

ಮಹಾಡಿನ ಚವದಾರ್ ಕೆರೆಯದೂ ಸಿವಿಲ್ ದಾವೆಯೇ. 1927ರ ಡಿಸೆಂಬರಿನಲ್ಲಿ ಸವರ್ಣರು ಕೆರೆ ತಮ್ಮ ಖಾಸಗಿ ಸ್ವತ್ತು ಅಂತ ಅಂಬೇಡ್ಕರ್ ಮತ್ತು ಸಂಗಡಿಗರ ಮೇಲೆ ತಡೆಯಾಜ್ಞೆ ತಂದರು. ಅಲ್ಲಿ ಯಾವ ರಾಜಿ ಸಾಧ್ಯವಿತ್ತು? ಬೇರೆ ಮೆಟ್ಟಿಲೇ, ಬೇರೆ ಹೊತ್ತೇ? ಹಾಗೆ ಒಪ್ಪಿದ್ದರೆ ಅಸ್ಪೃಶ್ಯತೆಗೇ ಸಹಿ ಹಾಕಿದಂತಾಗುತ್ತಿತ್ತು. ಕೆಳಕೋರ್ಟು 1931ರಲ್ಲಿ, ಬಾಂಬೆ ಹೈಕೋರ್ಟು 1937ರ ಮಾರ್ಚಿನಲ್ಲಿ ದಲಿತರ ಪರ ತೀರ್ಪು ಕೊಟ್ಟವು. ಹತ್ತು ವರ್ಷ ಹಿಡಿಯಿತು.

ಹತ್ತು ವರ್ಷ ಕಾಯೋ ಶಕ್ತಿ ಎಲ್ಲರಿಗೂ ಇಲ್ಲ, ನಿಜ. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿಯನ್ನು ಒಪ್ಪಲಿಲ್ಲ. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು, ಆಮೇಲೂ ಕೋರ್ಟಿನಲ್ಲಿ ಆ ಪ್ರಶ್ನೆ ತಣ್ಣಗಾಗಿಲ್ಲ. ಹೆದರಿಸೋಕೆ ಇದಿಷ್ಟು ಸಾಕು ಅವರಿಗೆ. ಆದ್ದರಿಂದ ಹಳ್ಳಿ ಮೇಷ್ಟ್ರುಗಳು ಒಂದೆರಡು ವಿಷಯ ಹೇಳಿಕೊಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪರಿಶಿಷ್ಟರಿಗೆ ವರಮಾನ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲೆ ಅಪೀಲಿಲ್ಲ. ರಾಜಿಪತ್ರ ಜಗಲಿಗೆ ಬರೋ ಮುಂಚೆಯೇ ವಕೀಲರ ಕೈಗೆ ಬರಬೇಕು, ಮುದುಕನಿಗೂ ಒಂದು ಕುರ್ಚಿ ಹಾಕಿಸಬೇಕು.