ಸಹಾಯಧನವೂ ಕಾಯಕಧರ್ಮವೂ

ಶಿವಶರಣರ ಮತದಲ್ಲಿ ಧನವು ಸ್ವತಃ ಹೇಯವಲ್ಲ; ಅದು ಬಂದ ಬಗೆಯೂ ಸಲ್ಲುವ ಬಗೆಯೂ ಶುದ್ಧವಾಗಿರಬೇಕೆಂಬುದೇ ಅವರ ನಿಯಮ. ಸತ್ಯಶುದ್ಧ ಕಾಯಕದಿಂದ ಬಂದುದು ಲಿಂಗಾರ್ಪಿತಕ್ಕೆ ಯೋಗ್ಯ; ಅನ್ಯರ ಶ್ರಮದ ಪಾಲನ್ನು ಉಳಿಸಿಕೊಂಡು ಬಂದುದು ಅಯೋಗ್ಯ. ಹೀಗಿರಲು, ಒಕ್ಕಲುತನಕ್ಕಾಗಿ ಸರಕಾರವು ಕೊಡುವ ಸಹಾಯಧನವು ಯಾರಿಗೆ ಸಲ್ಲತಕ್ಕದ್ದು? ಭೂಮಿಯ ಒಡೆತನಕ್ಕೋ, ಆ ಭೂಮಿಯಲ್ಲಿ ದುಡಿದ ಕೈಗಳಿಗೋ?

ಈ ಪ್ರಶ್ನೆ ಎಷ್ಟು ಗಹನವೆಂಬುದಕ್ಕೆ ಅಮೆರಿಕೆಯ ದೃಷ್ಟಾಂತವೊಂದುಂಟು. ೧೯೩೩ರ ಹೊತ್ತಿಗೆ ಅಲ್ಲಿ ಹತ್ತಿಯ ಧಾರಣೆ ತೀರ ಕುಸಿದಿತ್ತು. ಬೆಳೆ ತಗ್ಗಿದರೆ ಧಾರಣೆ ಏರುವುದೆಂದು ಬಗೆದ ಸರಕಾರವು, ಬೆಳೆದು ನಿಂತ ಹತ್ತಿಯನ್ನು ಉತ್ತು ಮಣ್ಣುಗೂಡಿಸಿದವರಿಗೆ ಹಣ ಕೊಟ್ಟಿತು. ಆ ವರ್ಷ ಸುಮಾರು ೧ ಕೋಟಿ ಎಕರೆಯ ಹತ್ತಿ ಹೀಗೆ ಅಳಿಯಿತು. ಮುಂದೆ ಹೊಲವನ್ನು ಬೀಳುಬಿಟ್ಟುದಕ್ಕೂ ಹಣ ಬಂದಿತು. ಆದರೆ ಒಪ್ಪಂದವಾದುದು ಭೂಮಾಲಿಕನೊಡನೆ; ಹಣದ ಬಹುಭಾಗವೂ ಅವನಿಗೇ. ಪಾಲಿಗೆ ಉಳುವವರನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕೆಂಬ ಮಾತು ಒಪ್ಪಂದದಲ್ಲಿದ್ದರೂ, ಬಿತ್ತುವ ನೆಲ ತಗ್ಗಿದೊಡನೆ ಅನೇಕ ಕುಟುಂಬಗಳು ಗುಡಿಸಲನ್ನೂ ಹೊಲವನ್ನೂ ಕಳೆದುಕೊಂಡವು. ೧೯೩೪ರ ಜುಲೈ ತಿಂಗಳಲ್ಲಿ, ಅರ್ಕನ್ಸಾ ರಾಜ್ಯದ ಪಾಯಿನ್ಸೆಟ್ ಜಿಲ್ಲೆಯ ಟೈರೋಂಜಾ ಎಂಬ ಊರಿನ ಬಳಿ, ಬಿಳಿಯ ವರ್ಣದ ೧೧ ಮಂದಿಯೂ ಕಪ್ಪು ವರ್ಣದ ೭ ಮಂದಿಯೂ ಒಟ್ಟುಗೂಡಿ ಉಳುವವರ ಸಂಘವನ್ನು ಕಟ್ಟಿದರು. ವರ್ಣಭೇದವು ಅತಿ ಕಠಿಣವಾಗಿದ್ದ ನಾಡಿನಲ್ಲಿ, ಒಂದೇ ಬಗೆಯ ದುಡಿಮೆಯೂ ಒಂದೇ ಬಗೆಯ ಅನ್ಯಾಯವೂ ಅವರನ್ನು ಒಂದು ಮಾಡಿದವು.

ಇದು ದೂರದೇಶದ ಮಾತೆಂದು ಕಡೆಗಣಿಸಲಾಗದು. ೨೦೧೯ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ರೈತಕುಟುಂಬಕ್ಕೆ ವರ್ಷಕ್ಕೆ ೬೦೦೦ ರೂಪಾಯಿಗಳನ್ನು ೩ ಕಂತುಗಳಲ್ಲಿ ಕೊಡುತ್ತದೆ. ಅದು ಭೂದಾಖಲೆಯಲ್ಲಿ ಹೆಸರಿದ್ದವರಿಗೆ ಮಾತ್ರ. ಬಾಯಿಮಾತಿನ ಲಾವಣಿಗೋ ಪಾಲಿಗೋ ಅನ್ಯರ ಹೊಲವನ್ನು ಉಳುವವನಿಗಿಲ್ಲ. ಮೊತ್ತ ಅಲ್ಪವಿರಬಹುದು, ಪ್ರಶ್ನೆ ಅಲ್ಪವಲ್ಲ.

ಭೂಮಿ ತನ್ನದು, ಕಂದಾಯ ತನ್ನದು, ಸಾಲವೂ ತನ್ನದು. ಕಾಯಿದೆಯೇ ತನಗೆ ಕೊಟ್ಟುದನ್ನು ತೆಗೆದುಕೊಂಡರೆ ದೋಷವೇನೆಂದು ಒಡೆಯನು ಕೇಳಬಹುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸ್ವತಃ ಉತ್ತು ಬಿತ್ತುವ ಗೃಹಸ್ಥನಿಗೆ ಆ ಹಣ ನಿಸ್ಸಂದೇಹವಾಗಿ ಸಲ್ಲುತ್ತದೆ. ಮಳೆಯೂ ಪೇಟೆಯೂ ಕೈಕೊಟ್ಟಾಗ ರಾಜ್ಯವು ನೀಡುವ ಆಸರೆ ಭಿಕ್ಷೆಯಲ್ಲ. ಆದರೆ ಉಳುವವನು ಬೇರೆಯಾದಲ್ಲಿ, ಒಡೆತನದ ಪಾಲು ಗೇಣಿಯ ರೂಪದಲ್ಲಿ ಆಗಲೇ ಸಂದಿರುತ್ತದೆ. ಬೇಸಾಯದ ಕಷ್ಟಕ್ಕೆಂದು ಬಂದ ನೆರವಿನಲ್ಲಿ, ಆ ಕಷ್ಟವನ್ನು ಹೊತ್ತವನಿಗೆ ಹಕ್ಕಿಲ್ಲವೆನ್ನುವುದೆಂತು?

ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದುಬರಲು ಹೇಳಿದ ಕಥೆ ಭಕ್ತರೆಲ್ಲರೂ ಬಲ್ಲದ್ದು. ಆ ಅಕ್ಕಿಯನ್ನು ತರಬಾರದೆಂದು ಯಾರೂ ತಡೆದಿರಲಿಲ್ಲ. ಅದರಲ್ಲಿ ಕಳವೂ ಇರಲಿಲ್ಲ. ತಡೆಯಿಲ್ಲದ್ದೆಲ್ಲವೂ ಸಲ್ಲುವುದಲ್ಲವೆಂಬುದನ್ನೇ ಆ ಮಹಾಶರಣೆ ತೋರಿಸಿಕೊಟ್ಟರು. ಕಾಯಿದೆಯು ಹೆಸರನ್ನು ನೋಡುತ್ತದೆ. ಧರ್ಮವು ಬೆವರನ್ನೂ ನೋಡುತ್ತದೆ.

ಆದುದರಿಂದ ಲಾವಣಿಯ ಮಾತಾಡುವ ದಿನವೇ, ಸರಕಾರದಿಂದ ಬರುವ ನೆರವಿನಲ್ಲಿ ಉಳುವವನ ಪಾಲೆಷ್ಟೆಂಬುದನ್ನು ಭಕ್ತನಾದ ಗೃಹಸ್ಥನು ನಿಶ್ಚಯಿಸತಕ್ಕದ್ದು. ಹಾಗೆ ಕೊಡುವುದು ದಾನವಲ್ಲ, ಅವನದನ್ನು ಅವನಿಗೆ ಮುಟ್ಟಿಸುವುದು. ಕೊಟ್ಟೆನೆಂಬ ಅಹಂಕಾರಕ್ಕೆ ಅಲ್ಲಿ ಎಡೆಯಿಲ್ಲ. ಆ ಪಾಲು ಸಂದ ಬಳಿಕ ಉಳಿದುದೇ ಲಿಂಗಾರ್ಪಿತಕ್ಕೂ ಜಂಗಮದಾಸೋಹಕ್ಕೂ ಯೋಗ್ಯವಾದ ಧನ.