ಒಂಟಿಗಣ್ಣಿನ ಕುದುರೆಯೂ ನಮ್ಮ ಎಮಿಷನ್ ಚೀಟಿಗಳೂ

ನಮ್ಮ ಧರ್ಮಕೇಂದ್ರದ ಓಮ್ನಿ ವ್ಯಾನನ್ನು ಮಾರಬೇಕೆಂದು ಪಾಲನಾ ಸಮಿತಿ ತೀರ್ಮಾನಿಸಿತು. 2006ರ ಗಾಡಿ. ಖೂಬಾ ಪ್ಲಾಟಿನ ಓಣಿಗಳಲ್ಲಿ ಮುದುಕರಿಗೆ ಪರಮಪ್ರಸಾದ ಕೊಂಡೊಯ್ದದ್ದು, ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದವರೆಗೆ ರಾತ್ರಿ ಹೊತ್ತು ರೋಗಿಯ ಅಭ್ಯಂಗ ಸಂಸ್ಕಾರಕ್ಕೆ ಓಡಿದ್ದು ಎಲ್ಲವೂ ಇದರಲ್ಲೇ. 2021ರಲ್ಲಿ ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಿಸಿದ್ದೆವು. ಕೊಳ್ಳಲು ಬಂದವರು ಕಮಲಾಪುರದ ಕಡೆಯ ಒಬ್ಬ ರೈತರು. ಆ ಊರಿನ ಹೆಸರು ಎಲ್ಲೆಡೆ ಹಬ್ಬಿಸಿದ ಕೆಂಪು ಬಾಳೆಯನ್ನೇ ಬೆಳೆಯುವವರು. ಮಕ್ಕಳನ್ನು ಶಾಲೆಗೆ, ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅವರಿಗೊಂದು ಗಾಡಿ ಬೇಕಿತ್ತು.

“ಕಾಗದಪತ್ರ ಎಲ್ಲಾ ಬರೋಬ್ಬರಿ ಅದಾವೇನ್ರಿ ಫಾದರ್?” ಎಂದು ಕೇಳಿದರು. “ಅದಾವ್ರಿ” ಎಂದೆ. ಅದು ಸುಳ್ಳಲ್ಲ. ಆದರೆ ಅಂದು ರಾತ್ರಿ ಕಾಗದಗಳನ್ನು ಜೋಡಿಸುತ್ತಿದ್ದಾಗ ಹಳೆಯ ಎಮಿಷನ್ ಚೀಟಿಗಳೂ ಕೈಗೆ ಬಂದವು. ಆರು ತಿಂಗಳಿಗೊಂದರಂತೆ ಹದಿನಾಲ್ಕು. ಎಲ್ಲದರ ಮೇಲೂ ‘ಪಾಸ್’ ಎಂದೇ ಇತ್ತು. ಪಕ್ಕದ ಅಂಕಿಗಳನ್ನು ನಾನು ಅಲ್ಲಿಯವರೆಗೆ ಓದಿಯೇ ಇರಲಿಲ್ಲ.

ನಮ್ಮ ಗಾಡಿಯಂಥ ಪೆಟ್ರೋಲ್ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು (1989ರವು, 115ನೆಯ ನಿಯಮ) ಎರಡು ಮಿತಿ ಇಟ್ಟಿವೆ. ಇಂಜಿನ್ ನಿಂತಲ್ಲೇ ಓಡುತ್ತಿರುವಾಗ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡ 0.5ನ್ನು ಮೀರಬಾರದು, ಹೈಡ್ರೋಕಾರ್ಬನ್, ಅಂದರೆ ಉರಿಯದೆ ಉಳಿದ ಪೆಟ್ರೋಲು, ದಶಲಕ್ಷಕ್ಕೆ 750 ಭಾಗವನ್ನು ಮೀರಬಾರದು. ನಮ್ಮ ಮೊದಲ ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡ್ 0.14. ಮುಂದೆ 0.19, 0.22. ಕೊನೆಯ ಮೂರು ಚೀಟಿಗಳಲ್ಲಿ 0.38, 0.41, 0.46. ಎಲ್ಲವೂ ಪಾಸ್. ಆದರೆ ಸಾಲಾಗಿಟ್ಟು ನೋಡಿದರೆ ಮಗು ಕೂಡ ಹೇಳೀತು, ಈ ಗಾಡಿ ಎಲ್ಲಿಗೆ ಹೊರಟಿದೆ ಎಂದು.

ನಡುವೆ ಒಂದು ಚೀಟಿಯಲ್ಲಿ ಮಾತ್ರ 0.49 ಇತ್ತು, ಅದರ ಮುಂದಿನದರಲ್ಲಿ ಮತ್ತೆ 0.24. ಇದೇನೆಂದು ಮೆಕ್ಯಾನಿಕ್‌ನನ್ನು ಕೇಳಿದೆ. ಚಳಿಗಾಲದ ಬೆಳಿಗ್ಗೆ ಗಾಡಿ ತೆಗೆದು ನೇರವಾಗಿ ಪರೀಕ್ಷೆಗೆ ಹೋಗಿದ್ದಿರಬೇಕು ಎಂದ. ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾಗದೆ ಕೆಲಸ ಮಾಡುವುದಿಲ್ಲವಂತೆ. ತಣ್ಣಗಿದ್ದಾಗ ಒಳ್ಳೆಯ ಗಾಡಿಯೂ ಕೆಟ್ಟ ಅಂಕಿ ಕೊಡುತ್ತದೆ. ಹೈಡ್ರೋಕಾರ್ಬನ್ ಒಮ್ಮೆಲೇ ಹಾರಿದರೆ ಸ್ಪಾರ್ಕ್ ಪ್ಲಗ್ ನೋಡಬೇಕು. ಎರಡೂ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಏರಿದರೆ ಕನ್ವರ್ಟರ್ ಸವೆದಿದೆ ಎಂಬ ಅನುಮಾನಕ್ಕೆ ಎಡೆಯುಂಟು. ಪಾಪನಿವೇದನೆಯ ಪೀಠದಲ್ಲಿ ಕುಳಿತವನಿಗೆ ಈ ಮಾತು ಹೊಸದಲ್ಲ. ಒಂದು ದಿನ ಸಿಡುಕಿ ಬಿದ್ದದ್ದಕ್ಕೆ ತಾನು ನರಕಕ್ಕೇ ಎಂದು ಅಳುವ ತಾಯಂದಿರನ್ನು ಕಂಡಿದ್ದೇನೆ. ಇಪ್ಪತ್ತು ವರ್ಷದಿಂದ ತಮ್ಮನೊಡನೆ ಮಾತು ಬಿಟ್ಟು, “ಮಹಾಪಾಪ ಯಾವುದೂ ಇಲ್ಲ ಸ್ವಾಮಿ” ಎಂದು ನೆಮ್ಮದಿಯಿಂದ ಎದ್ದು ಹೋದವರನ್ನೂ ಕಂಡಿದ್ದೇನೆ. ಮೊದಲನೆಯವರು ಒಂದೇ ಚೀಟಿಯನ್ನು ಓದುತ್ತಾರೆ, ಎರಡನೆಯವರು ‘ಪಾಸ್’ ಎಂಬುದನ್ನು ಮಾತ್ರ.

ಈಗ ಮಾರಾಟದ ಪ್ರಶ್ನೆ. ಈ ಅಂಕಿಗಳನ್ನು ಕೊಳ್ಳುವವರಿಗೆ ಹೇಳಲೇಬೇಕೇ? ಸಮಿತಿಯಲ್ಲಿ ಮಾತೆತ್ತಿದಾಗ ಹಿರಿಯರೊಬ್ಬರು ತಡೆದರು. “ಸರ್ಕಾರನೇ ಪಾಸ್ ಅಂದಮ್ಯಾಲ ನಾವ್ಯಾಕ ದೋಷ ಅದ ಅನ್ನಬೇಕ್ರಿ ಫಾದರ್? ಆ ರೊಕ್ಕ ನಿಮ್ಮದಲ್ಲ, ಗುಡಿದು.” ಮಾತು ತೂಕದ್ದು. ಬೇರೆಯವರ ಹಣದಲ್ಲಿ ಉದಾರಿಯಾಗುವುದು ದೊಡ್ಡ ಗುಣವೇನಲ್ಲ.

ಗುರುಮಠದಲ್ಲಿ ಓದಿದ್ದು ನೆನಪಾಯಿತು. ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಬರೆದ ‘ಸುಮ್ಮಾ ಥಿಯೊಲಾಜಿಯೆ’ಯಲ್ಲಿ ಇದೇ ಪ್ರಶ್ನೆ ಇದೆ, ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, 77ನೆಯ ಪ್ರಶ್ನೆಯಾಗಿ. ಕುದುರೆಗೆ ಒಂದೇ ಕಣ್ಣಿದ್ದರೆ ಮಾರುವವನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಬೆಲೆ ತಕ್ಕಷ್ಟು ಇಳಿಸಿದರೆ ಸಾಕು. ಏಕೆಂದರೆ ಆ ದೋಷ ಕಾಣುತ್ತದೆ. ಆದರೆ ದೋಷ ಅಡಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಹೇಳಲೇಬೇಕು ಎನ್ನುತ್ತಾರೆ ಸಂತರು. ಹಾಗೆಂದು ಡಂಗುರ ಸಾರಬೇಕಿಲ್ಲ, ಸಾರಿದರೆ ವಸ್ತುವಿನ ಒಳ್ಳೆಯ ಗುಣ ನೋಡುವ ಮೊದಲೇ ಜನ ಓಡಿಹೋಗುತ್ತಾರೆ. ಕೊಳ್ಳಲು ಬಂದವನಿಗೆ ಹೇಳಿದರಾಯಿತು, ಅವನು ಗುಣದೋಷ ಎರಡನ್ನೂ ತೂಗಿ ನೋಡುತ್ತಾನೆ. ಸಂತೆಯ ವ್ಯವಹಾರ ಬಲ್ಲವರ ಮಾತಿನಂತಿದೆ!

ನಮ್ಮ ವ್ಯಾನಿನ ಹರಿದ ಸೀಟು, ತುಕ್ಕು ಹಿಡಿದ ಬಾಗಿಲು ಒಂಟಿಗಣ್ಣು. ಹೊಗೆಯ ಅಂಕಿ ಹಾಗಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕ ಒಯ್ಯುವ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಕೊಳವೆ ಎಲ್ಲಾದರೂ ಸೋರಿದರೆ ಮೊದಲು ಉಸಿರಾಡುವವರು ಒಳಗೆ ಕೂತವರು. ಕನ್ವರ್ಟರ್ ಬದಲಿಸುವ ಖರ್ಚೂ ಸಣ್ಣದಲ್ಲ. ನಷ್ಟ, ಅಪಾಯ ಎರಡೂ ಇವೆ. ಹಾಗಿದ್ದಲ್ಲಿ, ಮುಚ್ಚಿಟ್ಟು ಪಡೆಯುವ ಆ ಹೆಚ್ಚಿನ ಹಣ ದೇವಾಲಯದ್ದು ಹೇಗಾದೀತು? ಇಲ್ಲದ ಗುಣಕ್ಕೆ ಕೊಟ್ಟ ಬೆಲೆ ಅದು. ನಾನು ಬಿಟ್ಟುಕೊಡುತ್ತಿರುವುದು ದೇವಾಲಯದ ಹಣವಲ್ಲ, ರೈತರ ಹಣವನ್ನು ಅವರ ಜೇಬಿನಲ್ಲೇ ಬಿಡುತ್ತಿದ್ದೇನೆ, ಅಷ್ಟೆ. ಹಿರಿಯರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

“ನನಗೆ ಅಂಕಿ ಗೊತ್ತೇ ಇರಲಿಲ್ಲ” ಎಂದು ನಾನೂ ಹೇಳಬಹುದಿತ್ತು. ಚೀಟಿಗಳು ನನ್ನ ಮೇಜಿನಲ್ಲೇ ಇದ್ದವು. ಬೇಕೆಂದೇ ಉಳಿಸಿಕೊಂಡ ಅಜ್ಞಾನ ಪಾಪವನ್ನು ಹಗುರ ಮಾಡುವುದಿಲ್ಲವೆಂದು ನೀತಿಶಾಸ್ತ್ರದ ತರಗತಿಯಲ್ಲಿ ಪರೀಕ್ಷೆ ಬರೆದು ಪಾಸಾದವನು ನಾನು.

ಇನ್ನೊಂದು ಚೀಟಿಯ ಸಂಗತಿ ಬರೆಯಲು ಸಂಕೋಚ, ಆದರೂ ಬರೆಯಬೇಕು. ಹದಿನಾಲ್ಕರಲ್ಲಿ ಅತಿ ಒಳ್ಳೆಯ ಅಂಕಿ 0.02. ಅಂದು ಕಮಲಾಪುರದ ಕಡೆ ಸಾವಿನಂಚಿನಲ್ಲಿದ್ದ ಒಬ್ಬರಿಗೆ ಅಭ್ಯಂಗ ಕೊಡಲು ಹೊರಟಿದ್ದೆ, ಚೀಟಿಯ ಅವಧಿ ಮುಗಿದಿತ್ತು. ಹುಡುಗ ಸೈಲೆನ್ಸರಿಗೆ ಕೊಳವೆಯನ್ನೇ ಹಾಕದೆ, “ನೀವು ನಡೀರಿ ಫಾದರ್, ಏನಾಗಲ್ಲ” ಎಂದು ಚೀಟಿ ಕೈಗಿಟ್ಟ. ನಾನು ತೆಗೆದುಕೊಂಡೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಸಿಕ್ಕಿಬಿದ್ದ ಸುದ್ದಿ ನಿಮಗೆ ನೆನಪಿರಬಹುದು. ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ಕಾರೇ ತಿಳಿದುಕೊಂಡು ಆಗ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ವಾಹನಗಳಲ್ಲಿ ಅಳವಡಿಸಿತ್ತು. ಅದನ್ನು ಓದಿ ಪ್ರಬೋಧನೆಯಲ್ಲಿ ಜೋರಾಗಿ ಖಂಡಿಸಿದ್ದೆ. ನನ್ನ 0.02 ಆಮೇಲಿನದು.

ರೈತರು ಮತ್ತೆ ಬಂದಾಗ ಹದಿನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದೇ ನೋಡುತ್ತಾ ಹೋದವರು ಒಂದರ ಮೇಲೆ ಬೆರಳಿಟ್ಟರು. “ಇದು ಭಾಳ ಚಲೋ ಬಂದದಲ್ರಿ?” ಅದರ ಕಥೆಯನ್ನೂ ಹೇಳಬೇಕಾಯಿತು. ಸ್ವಲ್ಪ ಹೊತ್ತು ಅವರು ನನ್ನನ್ನೇ ನೋಡಿದರು. ಆಮೇಲೆ ಮೆಕ್ಯಾನಿಕ್‌ನ ನಂಬರ್ ಕೇಳಿ, ಕನ್ವರ್ಟರಿಗೆ ಎಷ್ಟಾದೀತೆಂದು ವಿಚಾರಿಸಿದರು. ಅಷ್ಟನ್ನು ಬೆಲೆಯಲ್ಲಿ ಇಳಿಸಿದೆವು. ಹೊರಡುವ ಮುಂಚೆ ಚೀಟಿಗಳನ್ನೆಲ್ಲ ಒಟ್ಟುಮಾಡಿ ಮಡಚಿ, “ಇವೂ ಗಾಡಿ ಜೋಡಿ ಬರ್ತಾವಲ್ರಿ ಫಾದರ್?” ಎಂದು ಕೇಳಿ ಅಂಗಿಯ ಜೇಬಿಗೆ ಹಾಕಿಕೊಂಡರು.